ಕರೆಂಟಮ್ಮನ ಜ್ವರದ ಪಟ್ಟಿ

ಅವಳ ಹಣೆಗೆ ಎರಡು ಬಣ್ಣ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ರೊಟ್ಟಿ ಹಂಚಿನ ಕಪ್ಪು, ಅಲ್ಲಿಂದ ಕೂದಲಿನವರೆಗೆ ಗೋಧಿ ಬಣ್ಣ. ನಡುವೆ ನೂಲು ಹಿಡಿದು ಗೆರೆ ಎಳೆದ ಹಾಗೆ. ಹಳದಿ ಹೆಲ್ಮೆಟ್ಟು ಹಾಕಿಕೊಂಡು, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ದಿನಕ್ಕೆ ಇಪ್ಪತ್ತು ಸಲ ಆಕಾಶ ನೋಡಿದರೆ ಯಾರ ಹಣೆಯಾದರೂ ಹಾಗೇ ಆಗುತ್ತದೆ. ಮೊದಲ ಸಲ ನೋಡಿದಾಗ ನಾನು ಇವಳಿಗೇನೋ ಚರ್ಮದ ಕಾಯಿಲೆ ಅಂದುಕೊಂಡು ಎರಡು ಹೆಜ್ಜೆ ಹಿಂದೆ ನಿಂತಿದ್ದೆ.

ನಮ್ಮ ಊರು ಸಾದಲಿಯಿಂದ ಸ್ವಲ್ಪ ಆಚೆಗೆ. ಊರಿನ ಅಂಚಿನಲ್ಲಿ ಕರೆಂಟಿನ ಸಬ್‌ಸ್ಟೇಷನ್ನು. ಅದರ ತಂತಿ ಬೇಲಿಗೆ ಒತ್ತಿಕೊಂಡೇ ನನ್ನ ಹಿಪ್ಪುನೇರಳೆ ತೋಟ. ಅವಳು ಆ ಸ್ಟೇಷನ್ನಿನ ಆಪರೇಟರು. ಅಂದರೆ ಯಾವ ಲೈನಿಗೆ ಯಾವಾಗ ಕರೆಂಟು ಬಿಡಬೇಕು, ಯಾವಾಗ ತೆಗೆಯಬೇಕು ಎಂದು ದೊಡ್ಡ ಪೆಟ್ಟಿಗೆಗಳ ಮುಂದೆ ಕೂತು ಮೀಟರಿನ ಮುಳ್ಳು ನೋಡುವ ಕೆಲಸ. ಊರವರು ಅವಳಿಗೆ ಇಟ್ಟ ಹೆಸರು ಕರೆಂಟಮ್ಮ. ಗಂಗಮ್ಮ, ಮಾರಮ್ಮ ಇದ್ದ ಹಾಗೆ. ಬೈಯುವಾಗಲೂ ಅದೇ ಹೆಸರು, ಕೈ ಮುಗಿಯುವಾಗಲೂ ಅದೇ ಹೆಸರು. ಅವಳ ಮೇಜಿನ ಮೇಲೆ ಇದ್ದದ್ದು ಮಾತ್ರ ಹೆಬ್ಬೆರಳು ಗಾತ್ರದ ಒಂದು ಬುದ್ಧನ ಬೊಂಬೆ.

"ನನಗೆ ಗುಡಿ ಕಟ್ಟಬೇಡ್ರಪ್ಪ, ಫೋನ್ ಮಾಡಿದಾಗ ಎತ್ಕೊಳ್ಳಿ ಸಾಕು" ಅನ್ನುತ್ತಿದ್ದಳು.

ಅವಳ ತವರು ಗೌರಿಬಿದನೂರಿನ ಕಡೆ. ಅಣ್ಣ ತಮ್ಮಂದಿರೆಲ್ಲ ಕುಡುಮಲಕುಂಟೆಯ ಫ್ಯಾಕ್ಟರಿಗಳಲ್ಲಿ. ಗಂಡ ಲೈನ್‌ಮನ್ ಆಗಿದ್ದವನು, ಕಂಬದ ಮೇಲೆ ಹೋದ. ಅವನ ಜಾಗಕ್ಕೆ ಇವಳನ್ನು ತೆಗೆದುಕೊಂಡರು. ಗಂಡನನ್ನು ತಿಂದ ಕರೆಂಟಿನ ಹತ್ತಿರವೇ ಕೂತಿರುತ್ತೀಯಲ್ಲ, ಭಯ ಆಗಲ್ವೇನೇ ಎಂದು ಒಂದು ದಿನ ಮುಖಕ್ಕೇ ಕೇಳಿದೆ. ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ.

"ಭಯ ಬೀಳೋದು ಗೊತ್ತಿಲ್ಲದೆ ಇರೋದಕ್ಕೆ ಅಜ್ಜಿ. ನಾನು ಅದನ್ನ ಕೂತು ಕಲಿತ್ಬಿಟ್ಟೆ" ಅಂದಳು. ಅಷ್ಟೇ.

ಮೊದಲು ನಮಗೆ ಮೋಟರಿನ ಕರೆಂಟು ಬರುತ್ತಿದ್ದದ್ದು ರಾತ್ರಿ. ಮೋಟರು ಓಡುವುದಕ್ಕೆ ಮೂರು ತಂತಿಯಲ್ಲೂ ಕರೆಂಟು ಬೇಕು, ನಾವು ಅದಕ್ಕೆ ತ್ರೀ ಫೇಸ್ ಅನ್ನುತ್ತೇವೆ. ಅದು ಊರೆಲ್ಲ ಮಲಗಿದ ಮೇಲೆ ಬಂದು ಕೋಳಿ ಕೂಗುವ ಹೊತ್ತಿಗೆ ಹೋಗುತ್ತಿತ್ತು. ಹಾಗೆ ಒಂದು ಸಲ ಮೋಟರು ಹಾಕಲು ಹೋಗಿ ಕಾಲುವೆ ಬದುವಿನಲ್ಲಿ ಜಾರಿ ಬಿದ್ದೆ. ಮೊಣಕಾಲು ಮುರಿಯಿತು. ಚಿಕ್ಕಬಳ್ಳಾಪುರದಲ್ಲಿ ಸರಳು ಹಾಕಿಸಿಕೊಂಡು ಬಂದೆ. ಈಗಲೂ ಆ ಕಾಲು ನನ್ನದಲ್ಲ, ಎರವಲು ತಂದದ್ದು.

ಆಮೇಲೆ ಸ್ಟೇಷನ್ನಿನ ಹಿಂದಿದ್ದ ಗೋಮಾಳದ ಬಯಲಿನಲ್ಲಿ ಸೋಲಾರ್ ಹಲಗೆ ನೆಟ್ಟರು. ಸಾಲು ಸಾಲು, ಹಪ್ಪಳ ಒಣಗಲು ಹಾಕಿದ ಹಾಗೆ. ಇನ್ನು ಮೇಲೆ ನಿಮಗೆ ಹಗಲು ಹೊತ್ತೇ ತ್ರೀ ಫೇಸ್ ಅಂದರು. ಹಗಲು! ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳು ಬುಟ್ಟಿ ಅಲ್ಲೇ ಎಸೆದು ಹೋಗಿ ನೋಡಿದೆ. ಬಿಸಿಲು ಏರುತ್ತಿದ್ದ ಹಾಗೆ ಮೋಟರು ಗುರ್ ಅಂದಿತು, ಕೊಳವೆಯಿಂದ ನೀರು ಬಂತು. ಕಣ್ಣಿಗೆ ಕಾಣುವ ಹಾಗೆ, ಹೊಳೆಯುವ ನೀರು. ಇಷ್ಟು ವರ್ಷ ನನ್ನ ತೋಟಕ್ಕೆ ನೀರು ಹಾಯುವುದನ್ನು ನಾನು ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಕಾಲುವೆಯಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

ಆ ನಗು ಆಷಾಢದವರೆಗೆ ಇತ್ತು.

ಆಷಾಢದಲ್ಲಿ ನಂದಿ ಕಡೆಯಿಂದ ಮೋಡ ಹೊರಡುತ್ತದೆ. ಮಳೆ ಸುರಿಸುವ ಮೋಡವಲ್ಲ, ಸುಮ್ಮನೆ ಮೆರವಣಿಗೆ ಹೋಗುವ ಮೋಡ. ಒಂದು ಗಳಿಗೆ ಬಿಸಿಲು, ಒಂದು ಗಳಿಗೆ ನೆರಳು. ಮೋಡ ಹಲಗೆಗಳ ಮೇಲೆ ಬಂದರೆ ಅಲ್ಲಿಯ ಕರೆಂಟು ಅರ್ಧಕ್ಕೆ ಇಳಿಯುತ್ತದೆ. ಆದರೆ ಓಡುವ ಮೋಟರು ಅಷ್ಟೇ ಓಡುತ್ತಿರುತ್ತದೆ. ಕಡಿಮೆ ಬಿದ್ದದ್ದನ್ನು ದೊಡ್ಡ ಲೈನಿನಿಂದ ತರಿಸಬೇಕು. ಅವರು ಇಷ್ಟೇ ಎಂದು ಅಳೆದು ಕೊಡುತ್ತಾರೆ. ಅದನ್ನು ದಾಟಿದರೆ ನಮ್ಮ ಫೀಡರು, ಅಂದರೆ ನಮ್ಮೂರ ಮೋಟರುಗಳಿಗೆ ಬರುವ ಲೈನೇ ಬಿದ್ದು ಹೋಗುತ್ತದೆ. ಟ್ರಿಪ್ ಅನ್ನುವುದು ಅದಕ್ಕೇ.

ಬಿದ್ದದ್ದನ್ನು ಎಬ್ಬಿಸಬಹುದಿತ್ತು, ನಮ್ಮವರ ಬುದ್ಧಿ ನೆಟ್ಟಗಿದ್ದಿದ್ದರೆ. ರಾತ್ರಿ ಕರೆಂಟಿನ ಕಾಲದಲ್ಲಿ ಎಲ್ಲರೂ ಸ್ಟಾರ್ಟರ್ ಪೆಟ್ಟಿಗೆಗೆ 'ಆಟೋ' ಹಾಕಿಸಿಕೊಂಡಿದ್ದರು. ಕರೆಂಟು ಬಂದರೆ ಮೋಟರು ತಾನೇ ಶುರುವಾಗುತ್ತದೆ, ಎದ್ದು ಹೋಗುವ ಕಷ್ಟವಿಲ್ಲ. ಹಗಲು ಕರೆಂಟು ಬಂದರೂ ಆ ಆಟೋ ಯಾರೂ ತೆಗೆಯಲಿಲ್ಲ. ಹಾಗಾಗಿ ಬಿದ್ದ ಲೈನಿಗೆ ಕರೆಂಟಮ್ಮ ಮತ್ತೆ ಕರೆಂಟು ಬಿಟ್ಟ ಕೂಡಲೇ ಊರಿನ ಅಷ್ಟೂ ಮೋಟರು ಒಂದೇ ಸಲ ಎದ್ದು ನಿಲ್ಲುತ್ತಿದ್ದವು. ಹಗ್ಗ ಬಿಚ್ಚಿದ ಕರುಗಳೆಲ್ಲ ಒಂದೇ ಹಸುವಿನ ಕೆಚ್ಚಲಿಗೆ ನುಗ್ಗಿದ ಹಾಗೆ. ಲೈನು ಮತ್ತೆ ಬೀಳುತ್ತಿತ್ತು. ಎಬ್ಬಿಸು, ಬೀಳು. ಎಬ್ಬಿಸು, ಬೀಳು. ಎರಡು ಮನೆಯವರ ಮೋಟರಿನ ಕಾಯಿಲು ಸುಟ್ಟುಹೋದವು. ಊರವರು ಸ್ಟೇಷನ್ನಿನ ಗೇಟಿಗೆ ಹೋಗಿ ಕರೆಂಟಮ್ಮನಿಗೆ ಕನ್ನಡದಲ್ಲಿ ಬೈದರು, ಸಾಲದು ಅನ್ನಿಸಿ ತೆಲುಗಿನಲ್ಲೂ ಬೈದರು.

ಆಗಷ್ಟೇ ಬಂದಿದ್ದ ಹೊಸ ಇಂಜಿನಿಯರ್ ಹುಡುಗ ಗೇಟಿನಲ್ಲೇ ನಿಂತು ಹೇಳಿದ: "ಮಳೆಗಾಲ ಮುಗಿಯೋ ತನಕ ನೋಡ್ತೀವಿ. ಹೀಗೇ ಟ್ರಿಪ್ ಆಗ್ತಾ ಇದ್ರೆ ಹಗಲು ಸಪ್ಲೈ ತೆಗೆದು ಹಳೇ ಟೈಮಿಗೇ ಹಾಕ್ತೀವಿ."

ಹಳೇ ಟೈಮು ಅಂದರೆ ರಾತ್ರಿ. ನನ್ನ ಎರವಲು ಕಾಲು ಅಲ್ಲೇ ಜುಮ್ ಅಂದಿತು.

ಮಾರನೆಯ ದಿನ ಕರೆಂಟಮ್ಮ ಬೇಲಿ ಬಳಸಿಕೊಂಡು ನಮ್ಮ ಮನೆಗೆ ಬಂದಳು. ನಾನು ಜಗಲಿಯ ಮೇಲೆ ಕೂರಿಸಿದೆ. ನೀರು ಕೊಟ್ಟೆ. ಯಾವ ಲೋಟದಲ್ಲಿ ಕೊಟ್ಟೆ ಎಂದೂ ಬರೆದುಬಿಡುತ್ತೇನೆ, ಈ ವಯಸ್ಸಿನಲ್ಲಿ ಸುಳ್ಳು ಬರೆಯಲು ಪುರುಸೊತ್ತಿಲ್ಲ. ನಮ್ಮ ಮನೆಯಲ್ಲಿ ಜಗಲಿಯ ಗೂಡಿನಲ್ಲಿ ಒಂದು ಬೇರೆ ಲೋಟ ಇರುತ್ತಿತ್ತು. ನಮ್ಮ ಅತ್ತೆ ಇಟ್ಟದ್ದು. ಯಾರಿಗೆ ಎಂದು ಓದುವವರಿಗೆ ಗೊತ್ತಾಗುತ್ತದೆ. ಅದರಲ್ಲೇ ಕೊಟ್ಟೆ.

ಅವಳು ಗೂಡು ನೋಡಿದಳು, ಲೋಟ ನೋಡಿದಳು. ನೀರು ಕುಡಿಯಲಿಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ.

"ಅಜ್ಜಿ, ಕರೆಂಟಿಗೂ ಲೋಟ ಬೇರೆ ಇಟ್ಟಿದ್ದೀರಾ? ನಿಮ್ಮ ಒಳಮನೆ ದೀಪಕ್ಕೆ ಬರೋದೂ ನನ್ನ ಕೈ ದಾಟಿಕೊಂಡೇ ಬರ್ತದೆ."

ಒಳಗೆ ಹೋಗಿ ನಾನು ಕುಡಿಯುವ ಲೋಟದಲ್ಲಿ ನೀರು ತಂದು ಕೊಟ್ಟೆ. ಕ್ಷಮಿಸು ಎಂದೆಲ್ಲ ಹೇಳಲಿಲ್ಲ, ಆ ಮಾತು ನನಗೆ ಅಭ್ಯಾಸವಿಲ್ಲ. ಅವಳು ಗಟಗಟ ಕುಡಿದು, ಲೋಟ ಕೆಳಗಿಟ್ಟು, ಏನೂ ಆಗದವಳ ಹಾಗೆ ಬಂದ ಕೆಲಸ ಹೇಳಿದಳು. ಆ ಗೂಡಿನ ಲೋಟ ಈಗ ಎಲ್ಲಿದೆ ಎಂದು ಕೇಳಬೇಡಿ. ಒಳಗಿನ ಲೋಟಗಳ ಜೊತೆ ಸೇರಿ ಹೋಗಿದೆ. ಯಾವುದು ಎಂದು ನನಗೇ ಗುರುತು ಸಿಗುವುದಿಲ್ಲ.

ಬಂದ ಕೆಲಸ ನನ್ನ ಕೃಷಿ ಹೊಂಡ. ಸರ್ಕಾರದವರು ತೋಟದ ಎತ್ತರದ ಕಡೆ ತೋಡಿಸಿ ತಾಡಪಾಲು ಹಾಸಿಕೊಟ್ಟ ಹೊಂಡ ಅದು. ಮಳೆ ಬಂದರೆ ಮೊಣಕಾಲುದ್ದ ನೀರು, ಇಲ್ಲದಿದ್ದರೆ ನಾಯಿ ಮಲಗುವ ಜಾಗ.

"ಮಧ್ಯಾಹ್ನ ನೆತ್ತಿ ಮೇಲೆ ಬಿಸಿಲಿದ್ದಾಗ ಎಲ್ಲರೂ ಮೋಟರ್ ಆಫ್ ಮಾಡಿ ಊಟಕ್ಕೆ ಹೋಗ್ತಾರೆ. ಆಗ ನನ್ನ ಹತ್ರ ಕರೆಂಟು ಚೆಲ್ಲಾಡ್ತದೆ. ಆಗ ನಿಮ್ಮ ಹೊಂಡ ತುಂಬಿಸ್ಕೊಳ್ಳಿ. ಮೋಡ ಬಂದಾಗ ಮೋಟರ್ ಆಫ್ ಮಾಡಿ ಹೊಂಡದ ನೀರು ಹಾಯಿಸ್ಕೊಳ್ಳಿ. ಹೆಚ್ಚು ನೀರು ಎತ್ತಿ ಅಂತಲ್ಲ ಅಜ್ಜಿ, ಅಷ್ಟೇ ನೀರು, ಬೇರೆ ಹೊತ್ತು."

"ನಿನ್ನ ಕರೆಂಟು ಹೆಚ್ಚಾದರೆ ನೀನೇ ಎತ್ತಿಟ್ಟುಕೋ. ನನ್ನ ಹೊಂಡ ಯಾಕೆ?"

"ಕರೆಂಟು ಹಾಲಲ್ಲ ಕಣಜ್ಜಿ, ಕಾಯಿಸಿ ಹೆಪ್ಪು ಹಾಕಿಡೋದಕ್ಕೆ. ಕೆಚ್ಚಲಿಂದ ಇಳಿದಾಗಲೇ ಕುಡೀಬೇಕು. ಬ್ಯಾಟ್ರಿ ಇಡಬಹುದು, ಅಷ್ಟು ದೊಡ್ಡದು ನಮ್ಮ ಸ್ಟೇಷನ್ನಿಗೆ ಯಾರು ಕೊಡ್ತಾರೆ? ನಿಮ್ಮ ಹೊಂಡಾನೇ ನನ್ನ ಬ್ಯಾಟ್ರಿ."

ದೊಡ್ಡ ಲೈನಿನಿಂದಲೇ ಹೆಚ್ಚು ತರಿಸಿದರೆ ಆಗದೇ ಎಂದೆ. ಅದಕ್ಕೆ ಅವಳು ಹೇಳಿದ್ದು: ಮದುವೆ ಮನೆಯಲ್ಲಿ ಅನ್ನ ಸಾಲದೆ ಬಂದಾಗ ಹೋಟೆಲಿನಿಂದ ತರಿಸಿದ ಹಾಗೆ ಅದು. ಸಿಗುತ್ತದೆ, ಆದರೆ ಅವರು ಹೇಳಿದ ಬೆಲೆಗೆ. ಎಲ್ಲ ಮದುವೆಯವರೂ ಒಂದೇ ಹೊತ್ತಿಗೆ ಓಡಿ ಬಂದರೆ ಸಿಗುವುದೂ ಇಲ್ಲ. "ಅದರ ಬದಲು ಹಸಿವು ಕಡಿಮೆ ಇರೋರು ಎರಡನೇ ಪಂಕ್ತಿಗೆ ಕೂತ್ಕೊಂಡ್ರೆ ಆಯ್ತಲ್ಲ?"

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಪಂಕ್ತಿ ನನಗೆ ಗೊತ್ತು. ಅವತ್ತೇ ಹೊಂಡದಿಂದ ನಾಯಿ ಓಡಿಸಿದೆ.

ಹೊಂಡ ತುಂಬಿತು. ಆದರೆ ಊರಿನಲ್ಲಿ ಹೊಂಡ ಇದ್ದದ್ದು ಐದಾರು ಜನಕ್ಕೆ. ಉಳಿದವರಿಗೆ ಮೋಡ ಬಂದಾಗ ಫೋನು ಮಾಡಿ ನಿಲ್ಲಿಸಿ ಅಂದರೆ, ನಾನೇ ಯಾಕೆ ನಿಲ್ಲಿಸಲಿ, ಅವನಿಗೆ ಹೇಳು ಅನ್ನುತ್ತಿದ್ದರು. ಯಾರು ಮೊದಲು ಎನ್ನುವುದೇ ಜಗಳ. ನನ್ನ ಮೈದುನನಂತೂ, ನನ್ನ ಗಂಡನ ತಮ್ಮ, ಪಕ್ಕದ ತೋಟದವನು, "ಅತ್ತಿಗೆ, ನೀನು ಕರೆಂಟಮ್ಮನ ಗುಡಿ ಪೂಜಾರಿ ಆಗ್ಬಿಟ್ಟಿದ್ದೀಯ, ನನಗೆ ತೀರ್ಥ ಬೇಡ" ಎಂದು ಆಟೋ ಪೆಟ್ಟಿಗೆಗೆ ಬೀಗ ಹಾಕಿಕೊಂಡ.

ಈ ಜಗಳ ಬಿಡಿಸಿದ್ದು ಒಂದು ತಪ್ಪು ತಿಳುವಳಿಕೆ.

ನಮ್ಮದು ರೇಷ್ಮೆ ಹುಳುವಿನ ಊರು. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಮೈಚರ್ಮ ಕಳಚುತ್ತದೆ. ಕಳಚುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ರಾಕ್ಷಸ ಹಸಿವು. ಹಗಲು ರಾತ್ರಿ ಸೊಪ್ಪು ಸುರಿಯಬೇಕು. ಸೊಪ್ಪು ಒಣಕಲಾದರೆ ಇಡೀ ಬೆಳೆ ಹೋಯಿತು.

ಒಂದು ಬೆಳಿಗ್ಗೆ ಅವಳು ಬೇಲಿಯಾಚೆಯಿಂದ ಕೂಗಿದಳು: "ಅಜ್ಜೀ, ಇವತ್ತು ತೋಟದಲ್ಲಿ ಯಾರೂ ಕಾಣಲ್ಲ?"

"ಜ್ವರ ಕಣೇ. ನಾಲ್ಕನೇದು. ಎಲ್ಲಾ ಕೂತವೆ."

ಹತ್ತು ನಿಮಿಷಕ್ಕೆ ಅವಳು ನಮ್ಮ ಬಾಗಿಲಲ್ಲಿ. ಕೈಯಲ್ಲಿ ಜ್ವರದ ಮಾತ್ರೆ, ಒಂದು ಪ್ಯಾಕೆಟ್ ಬ್ರೆಡ್ಡು. ಉಸಿರು ಕಟ್ಟಿದೆ. "ನಾಲ್ಕು ಸಲ ಬಂತಾ ಜ್ವರ? ರಕ್ತ ಪರೀಕ್ಷೆ ಮಾಡ್ಸಿದ್ರಾ? ಯಾರ್ಯಾರಿಗೆ?"

ಗೌರಿಬಿದನೂರಿನ ಫ್ಯಾಕ್ಟರಿ ಕಡೆಯವಳಿಗೆ ಹುಳುವಿನ ಜ್ವರ ಎಲ್ಲಿಂದ ಗೊತ್ತು? ಕೈ ಹಿಡಿದು ಹುಳುಮನೆಗೆ ಕರೆದುಕೊಂಡು ಹೋದೆ. ತಟ್ಟೆ ತಟ್ಟೆಯಲ್ಲೂ ಹುಳುಗಳು ಹೆಡೆ ಎತ್ತಿಕೊಂಡು ಧ್ಯಾನಕ್ಕೆ ಕೂತಿದ್ದವು. "ಇಗೋ, ನಿನ್ನ ರೋಗಿಗಳು. ಮಾತ್ರೆ ತಿನ್ನಿಸು" ಅಂದೆ. ಅವಳು ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಿದ್ದವಳು ಥಟ್ಟನೆ ನಿಂತಳು.

"ಅಜ್ಜಿ, ಜ್ವರದ ದಿನ ಸೊಪ್ಪು ಕೊಯ್ಯಲ್ಲ ಅಲ್ವಾ?"

"ಯಾರಿಗೆ ಕೊಯ್ಯೋದು?"

"ಅಂದ್ರೆ ಆ ದಿನ ತೋಟಕ್ಕೆ ನೀರು ಎರಡು ಗಂಟೆ ತಡ ಆದ್ರೆ?"

"ಏನೂ ಆಗಲ್ಲ. ಎರಡು ಗಂಟೆ ಏನು, ನಾಳೆ ಹಾಯಿಸಿದ್ರೂ ನಡೀತದೆ."

"ಊರಲ್ಲಿ ಎಲ್ಲರ ಮನೇಲೂ ಒಂದೇ ದಿನ ಜ್ವರ ಬರ್ತದಾ?"

"ಇಲ್ಲಮ್ಮ. ಚಾಕಿ ಹುಳು, ಅಂದ್ರೆ ಮರಿ ಹುಳು, ತರೋದೇ ಒಬ್ಬೊಬ್ಬರು ಒಂದೊಂದು ದಿನ. ಇವತ್ತು ನಮ್ಮನೆ, ನಾಳೆ ಇನ್ನೊಬ್ಬರ ಮನೆ. ಊರಲ್ಲಿ ಯಾವತ್ತೂ ನಾಲ್ಕಾರು ಮನೇಲಿ ಜ್ವರ ಇದ್ದೇ ಇರ್ತದೆ."

ಅವಳು ಹೆಲ್ಮೆಟ್ಟು ತೆಗೆದು ಹಣೆ ಒರೆಸಿಕೊಂಡಳು. ಆ ಎರಡು ಬಣ್ಣದ ಹಣೆ ಫಳ ಫಳ ಅನ್ನುತ್ತಿತ್ತು. "ಸಿಕ್ತು ಅಜ್ಜಿ! ಎರಡನೇ ಪಂಕ್ತಿಗೆ ಕೂರೋರು ಸಿಕ್ಕಿದ್ರು! ಮೋಡ ಬಂದಾಗ ಮೊದಲು ಜ್ವರದ ಮನೆ ಮೋಟರ್ ಆಫ್. ಆಮೇಲೆ ಸಣ್ಣ ಹುಳುವಿನ ಮನೆ. ನಾಲ್ಕನೇ ಜ್ವರ ಎದ್ದ ಮನೇನ ಮುಟ್ಟೋದೇ ಇಲ್ಲ. ಇದರಲ್ಲಿ ಯಾರು ಜಗಳ ಆಡ್ತಾರೆ ಹೇಳಿ?"

ಯಾರೂ ಆಡಲಿಲ್ಲ. ಯಾಕೆಂದರೆ ಇವತ್ತು ಬಿಟ್ಟುಕೊಟ್ಟವನಿಗೆ ನಾಳೆ ತನ್ನ ಹುಳು ಎದ್ದಾಗ ತನ್ನನ್ನು ಕೊನೆಗೆ ಮುಟ್ಟುತ್ತಾರೆ ಎಂದು ಗೊತ್ತು. ಯಾರ ಮನೆಯಲ್ಲಿ ಎಷ್ಟನೇ ಜ್ವರ ಎಂದು ಪಟ್ಟಿ ಇಡುವ ಕೆಲಸ ನನಗೆ ಬಿತ್ತು. ಹೆಂಗಸರ ಬಾಯಿಂದ ಸುದ್ದಿ ಮೊದಲು ಬರುವುದು ನನ್ನ ಜಗಲಿಗೇ. ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಅವಳ ಫೋನು. ನಮಸ್ಕಾರವಿಲ್ಲ, ಊಟ ತಿಂಡಿ ವಿಚಾರವಿಲ್ಲ.

"ಅಜ್ಜಿ, ಇವತ್ತು ಯಾರ ಮನೇಲಿ ಜ್ವರ?"

ಆಟೋ ಕೂಡ ಒಬ್ಬೊಬ್ಬರಾಗಿ ತೆಗೆದರು. "ಒಬ್ಬರಾದ ಮೇಲೆ ಒಬ್ಬರು" ಎನ್ನುವುದು ಅವಳ ಮಂತ್ರ. ನಿಲ್ಲಿಸುವಾಗಲೂ ಹಾಗೆ, ಹಾಕುವಾಗಲೂ ಹಾಗೆ. ಬೀಗ ತೆಗೆಯದೆ ಉಳಿದವನು ನನ್ನ ಮೈದುನ ಒಬ್ಬನೇ.

ಮಳೆಗಾಲ ಮುಗಿಯುತ್ತಾ ಬಂತು. ಹಗಲು ಕರೆಂಟು ಇರಬೇಕೋ ಬೇಡವೋ ಎಂದು ತೀರ್ಮಾನ ಮಾಡಲು ಮೇಲಿನ ಆಫೀಸಿನವರು ಬರುವ ದಿನ ಬಂತು. ಒಂದು ಹಗಲು ಪೂರ್ತಿ ಸ್ಟೇಷನ್ನಿನಲ್ಲಿ ಕೂತು ನೋಡುತ್ತಾರಂತೆ. ಇಂಜಿನಿಯರ್ ಹುಡುಗನಿಗೆ ಶರ್ಟು ಆಗಲೇ ಒದ್ದೆ. ಅವತ್ತು ಬೆಳಿಗ್ಗೆ ಅವಳು ನನಗೆ ಹೇಳಿದ್ದು ಇಷ್ಟೇ: "ಅಜ್ಜಿ, ಇವತ್ತು ಬಿದ್ರೆ ಮತ್ತೆ ಎದ್ದೇಳಲ್ಲ."

ಆ ದಿನ ನನ್ನ ಮನೆ ಹುಳುಗಳೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ನನ್ನ ಮೋಟರು ಮುಟ್ಟುವ ಹಾಗಿಲ್ಲ.

ಹನ್ನೊಂದರವರೆಗೆ ಬೆಣ್ಣೆಯಂಥ ಬಿಸಿಲು. ಆಮೇಲೆ ನಂದಿ ಕಡೆ ನೋಡುತ್ತೇನೆ, ಎಮ್ಮೆ ಹಿಂಡಿನ ಹಾಗೆ ಮೋಡ. ಒಂದಲ್ಲ ಎರಡಲ್ಲ, ತುದಿ ಕಾಣದ್ದು. ಫೋನು ಬಂತು. ಹಿಂದೆ ಯಾರೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವಳ ದನಿ ಮಾತ್ರ ಅಕ್ಕಿ ಆರಿಸುವವಳ ದನಿ.

"ಪಟ್ಟಿ ಹೇಳಿ ಅಜ್ಜಿ."

"ಮೇಲಿನ ಬೀದೀಲಿ ಆರು ಮನೆಗೆ ಜ್ವರ. ಕೆರೆ ಕೆಳಗೆ ಐದು ಮನೆ. ಗೌಡರ ಮನೆಗೆ ಎರಡನೇದು, ನಿನ್ನೆ ಸಂಜೆ ಕೂತವು."

"ಅಷ್ಟೂ ಆಫ್. ನಾನು ಹೇಳ್ತೀನಿ."

ಕೇಳುತ್ತಾ ಹೋದೆ, ತೋಟ ತೋಟದಲ್ಲೂ ಮೋಟರಿನ ಸದ್ದು ಒಂದೊಂದೇ ಉದುರಿತು. ನೆರಳು ನನ್ನ ತಲೆಯ ಮೇಲೆ ಹಾಯ್ದು ಹಲಗೆಗಳ ಮೇಲೆ ಬಿತ್ತು. ಮತ್ತೆ ಫೋನು.

"ಸಾಲದು ಅಜ್ಜಿ, ಮುಳ್ಳು ಇನ್ನೂ ಕೆಂಪಲ್ಲಿದೆ. ಸಣ್ಣ ಹುಳುವಿನ ಮನೆಯವರನ್ನೂ ನಿಲ್ಲಿಸಿದೆ. ಇನ್ನು ಒಂದೆರಡು ಮೋಟರು ಬೇಕು. ಯಾರಿದ್ದಾರೆ?"

ನಾನಿದ್ದೆ. ಹುಳು ಎದ್ದ ಮನೆ ಮುಟ್ಟಬಾರದು ಎಂದು ನಿಯಮ ಮಾಡಿದ್ದು ಅವಳು. ಅದಕ್ಕೇ ಅವಳು ಕೇಳಲಿಲ್ಲ. ಆದರೆ ಹೊಂಡ ತುಂಬಿತ್ತಲ್ಲ! ಕೆಂಪು ಗುಂಡಿ ಒತ್ತಿ, ಹೊಂಡದ ಗೇಟು ಎತ್ತಿದೆ. ನೀರು ತಾನಾಗಿ ಸಾಲಿಗೆ ಇಳಿಯಿತು. "ನನ್ನದು ನಿಲ್ಲಿಸಿದ್ದೀನಿ. ಈಗ?"

"ಇಳೀತು ಅಜ್ಜಿ, ಸ್ವಲ್ಪ ಇಳೀತು. ಇನ್ನೊಂದು! ಒಂದೇ ಒಂದು!"

ಕಿವಿಗೊಟ್ಟೆ. ಸುತ್ತ ಎಲ್ಲ ಸುಮ್ಮನಿದೆ, ಪಕ್ಕದ ತೋಟದಲ್ಲಿ ಮಾತ್ರ ಗುರ್ ಎನ್ನುತ್ತಿದೆ. ನನ್ನ ಮೈದುನ ಆಟೋ ಹಾಕಿ, ಪೆಟ್ಟಿಗೆಗೆ ಬೀಗ ಜಡಿದು, ಚಿಂತಾಮಣಿ ಮಾರ್ಕೆಟ್ಟಿಗೆ ಟೊಮ್ಯಾಟೊ ತೆಗೆದುಕೊಂಡು ಹೋಗಿದ್ದ.

ಸೆರಗು ಸೊಂಟಕ್ಕೆ ಕಟ್ಟಿದೆ. ಎರವಲು ಕಾಲು ಎತ್ತಿ ಬದು ದಾಟಿಸಿದೆ, ಸ್ವಂತ ಕಾಲು ಹಿಂದೆಯೇ ಬಂತು. ಒಂದು ಕಲ್ಲು ತೆಗೆದುಕೊಂಡೆ. ಮೂರನೇ ಏಟಿಗೆ ಬೀಗದ ಕೊಂಡಿ ಕಿತ್ತು ಬಂತು. ಒಣಗಿದ ಹಿಪ್ಪುನೇರಳೆ ಕಡ್ಡಿಯಿಂದ ಆಟೋ ತಿರುಗಿಸಿ ಕೆಂಪು ಗುಂಡಿ ಒತ್ತಿದೆ. ಮೋಟರು ನಿಂತಿತು. ಫೋನು ಕಿವಿಗೆ ಇಟ್ಟರೆ ಆ ಕಡೆ ಸದ್ದೇ ಇಲ್ಲ.

"ಏನೇ? ಬಿತ್ತಾ? ಹೇಳೇ!"

"ಅಜ್ಜಿ..." ಅಂದಳು. "ಮುಳ್ಳು ಹಸಿರಲ್ಲಿದೆ!"

ಮುಕ್ಕಾಲು ಗಂಟೆ ಆ ಮೋಡ ನಮ್ಮ ನೆತ್ತಿ ಬಿಡಲಿಲ್ಲ. ಲೈನು ಬೀಳಲಿಲ್ಲ. ಹುಳು ಎದ್ದ ಮನೆಯವರ ಮೋಟರುಗಳು ಓಡುತ್ತಲೇ ಇದ್ದವು. ಬಿಸಿಲು ಬಂದ ಮೇಲೆ ಒಬ್ಬರಾದ ಮೇಲೆ ಒಬ್ಬರನ್ನು ಅವಳು ಎಬ್ಬಿಸಿದಳು, ಪಂಕ್ತಿಗೆ ಬಡಿಸಿದ ಹಾಗೆ. ಕೊನೆಯದು ನನ್ನ ಮೈದುನನದು. ಬೇಕೆಂದೇ ಕೊನೆಗೆ ಇಟ್ಟೆ.

ಅಷ್ಟು ಹೊತ್ತಿಗೆ ಊರೊಳಗೆ ಆಸ್ಪತ್ರೆ ಜೀಪು ಬಂದು ನಿಂತಿತ್ತು. ನರ್ಸಮ್ಮ, ಆಶಾ ಕಾರ್ಯಕರ್ತೆ, ರಕ್ತ ತೆಗೆಯುವ ಹುಡುಗ, ಮೂವರ ಮೂಗಿಗೂ ಬಟ್ಟೆ. "ಹತ್ತು ಹನ್ನೆರಡು ಮನೇಲಿ ಜ್ವರ ಅಂತೆ, ಗೌಡರ ಮನೇಲಿ ಎರಡನೇ ಸಲ ಅಂತೆ, ಎಲ್ಲಿ ಪೇಷೆಂಟ್‌ಗಳು?" ಕರೆಂಟಮ್ಮ ಫೋನು ಜೋರಾಗಿ ಇಟ್ಟುಕೊಂಡು ಪಟ್ಟಿ ಕೇಳುವಾಗ ಪಕ್ಕದಲ್ಲಿ ಕೂತಿದ್ದ ಇಂಜಿನಿಯರ್ ಹುಡುಗ ಗಾಬರಿಯಾಗಿ ಆಸ್ಪತ್ರೆಗೆ ಫೋನು ಮಾಡಿದ್ದ. ಗೌಡರ ಹೆಂಡತಿ ನರ್ಸಮ್ಮನನ್ನು ನೇರ ಹುಳುಮನೆಗೆ ಕರೆದುಕೊಂಡು ಹೋಗಿ, "ನೋಡಮ್ಮ, ಯಾವುದಕ್ಕೆ ಸೂಜಿ ಚುಚ್ತೀಯೋ ಚುಚ್ಚು" ಅಂದಳಂತೆ. ಮೇಲಿನ ಆಫೀಸಿನ ದೊಡ್ಡವರು ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಪಂಪ್‌ಹೌಸಿಗೆ ಬಂದು ಗೋಡೆಯ ಮೇಲಿನ ಸೀಮೆಸುಣ್ಣದ ಪಟ್ಟಿಯ ಫೋಟೊ ತೆಗೆದುಕೊಂಡರು. ಕಂಪ್ಯೂಟರಿನಲ್ಲಿ ಇದಕ್ಕೆ ಏನೋ ದೊಡ್ಡ ಹೆಸರಿದೆಯಂತೆ.

"ಏನು ಹೆಸರೇ ಅದು?" ಎಂದು ಆಮೇಲೆ ಅವಳನ್ನು ಕೇಳಿದೆ.

"ಬಿಡಿ ಅಜ್ಜಿ. ಜ್ವರ ಅಂದ್ರೆ ಚಿಕ್ಕದಾಗಿ ಚೊಕ್ಕವಾಗಿದೆ."

ಹಗಲು ಕರೆಂಟು ಉಳಿಯಿತು. ಮೈದುನ ಚಿಂತಾಮಣಿಯಿಂದ ಬಂದು ಮುರಿದ ಬೀಗ ನೋಡಿ ನನ್ನ ಮೇಲೆ ಎರಡು ದಿನ ಹಾರಾಡಿದ. ಮೂರನೆಯ ದಿನ ಅವನ ಹುಳು ನಾಲ್ಕನೇ ಜ್ವರದಿಂದ ಎದ್ದವು, ಮತ್ತೆ ಮೋಡ ಬಂತು, ಅವನ ಮೋಟರನ್ನು ಅವಳು ಮುಟ್ಟಲಿಲ್ಲ. ನಾಲ್ಕನೆಯ ದಿನ ಹೊಸ ಬೀಗ ತರದೆ, ಆಟೋ ಕಿತ್ತು ಬಿಸಾಕಿದ. ಬಾಯಿಬಿಟ್ಟು ಏನೂ ಹೇಳಲಿಲ್ಲ. ನಮ್ಮ ವಂಶದಲ್ಲಿ ಅದೇ ದೊಡ್ಡ ಮಾತು.

ಅವಳು ಇನ್ನೂ ಮೂರು ಮಳೆಗಾಲ ನಮ್ಮ ಸ್ಟೇಷನ್ನಿನಲ್ಲಿದ್ದಳು. ದಿನ ಬೆಳಗಾದರೆ ಏಳಕ್ಕೆ ಅದೇ ಫೋನು, ಅದೇ ಪ್ರಶ್ನೆ. ಮಧ್ಯಾಹ್ನ ಬೇಲಿಯಾಚೆಯಿಂದ ಅವಳು ಊಟದ ಡಬ್ಬಿ ತರುತ್ತಿದ್ದಳು, ಈಚೆಯಿಂದ ನಾನು ಮುದ್ದೆ ಉಪ್ಸಾರು ಕೊಡುತ್ತಿದ್ದೆ. ನನ್ನ ಸಾರಿಗೆ ಉಪ್ಪು ಹೆಚ್ಚು ಎಂದು ಅವಳು, ಅವಳ ಪಲ್ಯಕ್ಕೆ ಖಾರವೇ ಇಲ್ಲ ಎಂದು ನಾನು. ಒಬ್ಬರೂ ಬದಲಾಗಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಎರಡು ದಿನ ಫೋನು ಬರಲಿಲ್ಲ. ಮೂರನೆಯ ದಿನ ಅವಳ ತಮ್ಮ ಫೋನು ಮಾಡಿದ.

"ಅಜ್ಜಿ, ನಮ್ಮಕ್ಕನಿಗೆ ಜ್ವರ."

"ಎಷ್ಟನೇದು?" ಅಂದೆ.

ಬಾಯಿಗೆ ಅಭ್ಯಾಸವಾಗಿತ್ತು, ಬಂದುಬಿಟ್ಟಿತು. ಡೆಂಗಿ ಜ್ವರ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಮಾರನೆಯ ದಿನ ಹೋಗಿಬಿಟ್ಟಳು. ಹುಳು ಜ್ವರದಿಂದ ಎದ್ದರೆ ಹಳೇ ಚರ್ಮ ಬಿಟ್ಟು ದೊಡ್ಡದಾಗಿ ಬರುತ್ತದೆ. ಮನುಷ್ಯರಿಗೆ ಆ ವ್ಯವಸ್ಥೆ ಇಲ್ಲ.

ಮಣ್ಣಿಗೆ ಹೋಗಬೇಕು ಎಂದು ಸೀರೆ ಬದಲಾಯಿಸಿ ತೋಟದ ಕಡೆ ಒಂದು ಸುತ್ತು ಹೋದೆ. ಮೋಟರು ಓಡುತ್ತಿತ್ತು. ನಂದಿ ಕಡೆಯಿಂದ ಮೋಡ ಹೊರಟಿತ್ತು. ಸ್ಟೇಷನ್ನಿಗೆ ಅವಳ ಜಾಗಕ್ಕೆ ಬಂದವನು ಹೊಸಬ, ಯಾರ ನಂಬರೂ ಗೊತ್ತಿಲ್ಲದವನು. ಫೋನು ಬರುವುದಿಲ್ಲ ಎಂದು ಗೊತ್ತಿತ್ತು. ನೆರಳು ಹಲಗೆಗಳ ಅಂಚಿಗೆ ಬರುತ್ತಿದ್ದ ಹಾಗೆ ನನ್ನ ಕೈ ತಾನಾಗಿ ಕೆಂಪು ಗುಂಡಿ ಒತ್ತಿತು. ಕೆರೆ ಕೆಳಗೆ ಒಂದು ಮೋಟರು ನಿಂತದ್ದು ಕೇಳಿಸಿತು. ಆಮೇಲೆ ಮೇಲಿನ ಬೀದಿ ಕಡೆ ಇನ್ನೊಂದು. ಪಕ್ಕದ ತೋಟ ನೋಡಿದರೆ ಮೈದುನ ಬಿಳಿ ಪಂಚೆ ಉಟ್ಟುಕೊಂಡು ತನ್ನ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತಿದ್ದ. ಅವನದೂ ನಿಂತಿತ್ತು.

"ಅತ್ತಿಗೆ, ಹೊರಡಣ್ವಾ? ಗೌರಿಬಿದನೂರು ದೂರ. ಗಾಡಿ ತೆಗೀತೀನಿ."

"ತಾಳೋ" ಅಂದೆ. "ಬಿಸಿಲು ಬರಲಿ. ಒಬ್ಬರಾದ ಮೇಲೆ ಒಬ್ಬರು ಹಾಕಿ ಹೋಗಣ. ಇಲ್ಲದಿದ್ರೆ ಬೈತಾಳೆ."